ಆ ಕಾಲು ಗಂಟೆ

1971ನೆಯ ಇಸವಿಯ ಒಂದು ಬೆಳಗ್ಗೆ ನಮ್ಮ ತಂದೆಯವರ ಕೈಯಿಂದ ಕಾಫಿಯ ಲೋಟ ಜಾರಿ ಬಿತ್ತು. ಬಲಗೈ ಸ್ವಾಧೀನದಲ್ಲಿರಲಿಲ್ಲ; ಮಾತು ತೊದಲಿತು. ಕಾಲು ಗಂಟೆಯಲ್ಲಿ ಎಲ್ಲವೂ ಸರಿಹೋಗಿ, ಪತ್ರಿಕೆಯನ್ನು ಬಿಟ್ಟಲ್ಲಿಂದಲೇ ಓದತೊಡಗಿದರು. ಪಿತ್ತವಿರಬೇಕೆಂದು ಅಮ್ಮ ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟಳು. ಮೂರನೆಯ ದಿನ ಲಕ್ವ ಹೊಡೆಯಿತು.

‘ಹೊಡೆಯಿತು’ ಎಂಬ ಮಾತೇ ದಾರಿ ತಪ್ಪಿಸುವಂಥದು. ಯಾರೋ ಬೆನ್ನ ಹಿಂದಿನಿಂದ ಬಂದು ಏಟು ಹಾಕಿದಂತೆ. ಮುನ್ಸೂಚನೆಗಳು ಬಂದುಹೋಗುವುದನ್ನು ವೈದ್ಯರು ಬಲ್ಲರಾದರೂ, ಮಿದುಳಿನ ರಕ್ತನಾಳ ಸೆಡೆತುಕೊಂಡಿತೆಂದು ಹೇಳಿ ಬಹುಕಾಲ ಸುಮ್ಮನಾಗುತ್ತಿದ್ದರು.

ಸುಮ್ಮನಾಗದವರು ಕೆನಡಾದ ಮಿಲ್ಲರ್ ಫಿಷರ್. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಸೆರೆಯಲ್ಲಿ ವರ್ಷಗಟ್ಟಲೆ ಕಳೆದು ಬಂದವರು. ಮಾಂಟ್ರಿಯಲ್‌ನಲ್ಲಿ ಪಾರ್ಶ್ವವಾಯುವಿನ ರೋಗಿಯೊಬ್ಬ, ತನಗೆ ಮೊದಲು ಒಂದು ಕಣ್ಣು ಕೆಲವು ನಿಮಿಷ ಕುರುಡಾಗುತ್ತಿತ್ತೆಂದೂ, ವಿಚಿತ್ರವೆಂದರೆ ಅದು ಕೈಕಾಲು ಬಿದ್ದ ಪಕ್ಕದ ಕಣ್ಣಲ್ಲವೆಂದೂ ಅವರಿಗೆ ಹೇಳಿದ. ಬೇರೊಬ್ಬರಾಗಿದ್ದರೆ ಭ್ರಮೆಯೆಂದು ಬಿಟ್ಟುಬಿಡುತ್ತಿದ್ದರೇನೋ! ಎಡ ಮಿದುಳು ಬಲ ಮೈಯನ್ನು ಆಳುತ್ತದೆ. ಆದರೆ ಎಡ ಮಿದುಳಿಗೂ ಎಡಗಣ್ಣಿಗೂ ರಕ್ತ ಒಯ್ಯುವುದು ಕುತ್ತಿಗೆಯ ಎಡಗಡೆಯ ಒಂದೇ ನಾಳ. ಹಾಗಿದ್ದರೆ ಕೇಡಿರುವುದು ಕುತ್ತಿಗೆಯಲ್ಲಿ. ಶವಪರೀಕ್ಷೆಯಲ್ಲಿ ಮಿದುಳನ್ನು ಬಿಚ್ಚುತ್ತಿದ್ದವರು ಕುತ್ತಿಗೆಯ ನಾಳಗಳನ್ನು ನೋಡುತ್ತಿದ್ದುದು ಅಪರೂಪ. ಫಿಷರ್ ನೋಡಿದರು, ನಾಳ ಮುಚ್ಚಿಹೋಗಿರುವುದನ್ನು ಕಂಡು 1951ರಲ್ಲಿ ಪ್ರಕಟಿಸಿದರು. 1954ರಲ್ಲಿ ಲಂಡನ್ನಿನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ, ಇಂಥ 33 ಸೂಚನೆಗಳನ್ನು ಕಂಡಿದ್ದ ಹೆಂಗಸೊಬ್ಬಳ ಕುತ್ತಿಗೆಯ ನಾಳದ ಕೆಟ್ಟ ಭಾಗವನ್ನು ತೆಗೆದು ಜೋಡಿಸಿದರು. ಸೂಚನೆಗಳು ನಿಂತವು.

ಆದರೆ ಸೂಚನೆಗೂ ಏಟಿಗೂ ನಡುವೆ ಎಷ್ಟು ಕಾಲ? ಇದನ್ನು ಎಣಿಸಿ ನೋಡಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಕ್ಯಾಲಿಫೋರ್ನಿಯಾದಲ್ಲಿ ಇಂಥ 1,707 ಮಂದಿಯ ಬೆನ್ನುಹತ್ತಿ ನೋಡಿದವರು 2000ದಲ್ಲಿ ಲೆಕ್ಕ ಕೊಟ್ಟರು: 90 ದಿನಗಳಲ್ಲಿ 180 ಮಂದಿಗೆ ಪಾರ್ಶ್ವವಾಯು, ಅವರಲ್ಲಿ 91 ಮಂದಿಗೆ ಮೊದಲ ಎರಡೇ ದಿನಗಳಲ್ಲಿ. ವಾರಗಟ್ಟಲೆ ಕಾಯಿಸದೆ ಕೂಡಲೇ ಚಿಕಿತ್ಸೆ ಆರಂಭಿಸಿದಾಗ ಈ ಅಪಾಯ ನೂರಕ್ಕೆ 10.3ರಿಂದ 2.1ಕ್ಕೆ ಇಳಿಯಿತೆಂದು 2007ರಲ್ಲಿ ಆಕ್ಸ್‌ಫರ್ಡಿನವರು ತೋರಿಸಿದರು.

ಇದನ್ನೆಲ್ಲ ಓದಿದಾಗ ಮೊದಲು ನೆನಪಾದದ್ದು ಆ ಪಾನಕ. ಅಮ್ಮನ ತಪ್ಪೇನೂ ಇರಲಿಲ್ಲ. ಅಂದೇ ಡಾಕ್ಟರ ಬಳಿಗೆ ಓಡಿದ್ದರೂ ಏನು ಕೊಡುತ್ತಿದ್ದರೋ! ಇದಕ್ಕೆ ಆಸ್ಪಿರಿನ್ ಮಾತ್ರೆಯ ಉಪಯೋಗವನ್ನು ಕೆನಡಾದ ದೊಡ್ಡ ಪರೀಕ್ಷೆಯೊಂದು ತೋರಿಸಿದ್ದೇ 1978ರಲ್ಲಿ. ಅಷ್ಟು ಹೊತ್ತಿಗೆ ತಂದೆಯವರು ಪೆನ್ಷನ್ ಕಾಗದಕ್ಕೆ ಎಡಗೈಯಲ್ಲಿ ಸಹಿ ಹಾಕುವುದನ್ನು ಚೆನ್ನಾಗಿ ರೂಢಿಸಿಕೊಂಡಿದ್ದರು.