ಸೀಸೆಯೊಳಗಿನ ಒಡ್ಡೋಲಗ



ಹಿಮಾಯತ್‌ನಗರದ ಔಷಧಿ ಅಂಗಡಿಗಳಲ್ಲಿ ಕೆಂಪು ದ್ರವ ತುಂಬಿದ ‘ಜಿಂದಾ ತಿಲಿಸ್ಮಾತ್’ ಸೀಸೆಯನ್ನು ನೀವು ನೋಡಿಯೇ ಇರುತ್ತೀರಿ. ನೆಗಡಿ, ತಲೆನೋವು ಎಂದರೆ ಹೈದರಾಬಾದಿನ ಹಳೆಯ ಮನೆಗಳಲ್ಲಿ ಮೊದಲು ಹುಡುಕುವುದು ಇದನ್ನೇ. ಹೆಸರಿನ ಅರ್ಥ ‘ಜೀವಂತ ಮಾಯೆ’. ಯುನಾನಿ ವೈದ್ಯ ಹಕೀಂ ಮೊಹಮ್ಮದ್ ಮೊಯಿಜುದ್ದೀನ್ ಫಾರೂಕಿ ಇದನ್ನು 1920ರಲ್ಲಿ ಆರಂಭಿಸಿದರು. ಕಾರ್ಖಾನೆ ಇರುವುದು ನಮಗೆ ಹತ್ತಿರದ ಅಂಬರ್‌ಪೇಟೆಯಲ್ಲಿ. ಡಬ್ಬಿಯ ಮೇಲಿರುವುದು ನಿಜಾಮರ ಸೈನ್ಯದಲ್ಲಿದ್ದ ಆಫ್ರಿಕಾ ಮೂಲದ ಸಿದ್ದಿ ಯೋಧನ ಚಿತ್ರ.

ಸೀಸೆಯಲ್ಲಿ ಏನಿದೆ? ನೀಲಗಿರಿ ಎಣ್ಣೆ, ಕರ್ಪೂರ, ಮೆಂಥಾಲ್, ಓಮದ ಸತ್ವವಾದ ಥೈಮಾಲ್. ಕೆಂಪು ಬಣ್ಣ ರತನ್‌ಜೋತ್ ಬೇರಿನದು. ಇಲ್ಲೊಂದು ಸ್ವಾರಸ್ಯವಿದೆ. ಕರ್ಪೂರ, ಮೆಂಥಾಲ್, ಥೈಮಾಲ್ ಮೂರೂ ಗಟ್ಟಿ ಹರಳುಗಳು. ಮೂರನ್ನೂ ಬೆರೆಸಿದರೆ ಬೆಂಕಿಯಿಲ್ಲದೆ, ನೀರಿಲ್ಲದೆ ಕರಗಿ ಎಣ್ಣೆಯಂತಾಗುತ್ತವೆ. ಒಂದರ ಕರಗುವ ಬಿಂದುವನ್ನು ಇನ್ನೊಂದು ಇಳಿಸುವುದೇ ಇದಕ್ಕೆ ಕಾರಣ. ಬಿಡಿಯಾಗಿದ್ದಾಗ ಇಲ್ಲದ ಗುಣ ಕೂಡಿದಾಗ ಬಂತು, ನೋಡಿ!

ಈ ಕೂಡಿಸುವ ವಿದ್ಯೆಗೆ ಚೀನೀಯರು ಒಂದು ರಾಜ್ಯಾಡಳಿತವನ್ನೇ ಕಟ್ಟಿದರು. ಅವರ ಪ್ರಕಾರ ಒಂದು ಔಷಧದಲ್ಲಿ ರಾಜ, ಮಂತ್ರಿ, ಸಹಾಯಕ, ದೂತ ಎಂಬ ನಾಲ್ಕು ಸ್ಥಾನಗಳು. ಕ್ರಿ.ಶ. 200ರ ಸುಮಾರಿಗೆ ಜಾಂಗ್ ಜೊಂಗ್‌ಜಿಂಗ್ ಎಂಬ ವೈದ್ಯ ಶೀತಜ್ವರಗಳ ಬಗ್ಗೆ ಬರೆದ ಗ್ರಂಥದಲ್ಲಿ ‘ಮಾಹುವಾಂಗ್’ ಕಷಾಯವಿದೆ. ಅದರಲ್ಲಿ ಮಾಹುವಾಂಗ್, ಅಂದರೆ ಎಫೆಡ್ರಾ ಗಿಡ, ರಾಜ. ದಾಲ್ಚಿನ್ನಿ ಕಡ್ಡಿ ಮಂತ್ರಿ. ಏಪ್ರಿಕಾಟ್ ಬೀಜ ಸಹಾಯಕ. ಎಲ್ಲವನ್ನೂ ಹೊಂದಿಸುವ ಜ್ಯೇಷ್ಠಮಧು ದೂತ. ಕೆಮ್ಮಿಗೆ ನಮ್ಮ ಅಜ್ಜಿಯರು ಕಾಯಿಸುವ ಶುಂಠಿ, ಮೆಣಸಿನ ಕಷಾಯಕ್ಕೂ ಅದೇ ಜ್ಯೇಷ್ಠಮಧು ಬೀಳುವುದುಂಟಲ್ಲವೆ?

ರಾಜನೊಬ್ಬನನ್ನೇ ಹೊರಗೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ಇತಿಹಾಸದಲ್ಲಿ ಸಾಕ್ಷಿಯಿದೆ. 1990ರ ದಶಕದಲ್ಲಿ ಅಮೆರಿಕದಲ್ಲಿ ತೂಕ ಇಳಿಸುವ ಮಾತ್ರೆಗಳಿಗೆ ಎಫೆಡ್ರಾ ಸೇರಿತು. ನೆಗಡಿಗೆ ಕೆಲವು ದಿನ ಕುಡಿಯುವ ಗಿಡವನ್ನು ಜನ ತಿಂಗಳುಗಟ್ಟಲೆ ನುಂಗಿದರು. ರಕ್ತದೊತ್ತಡ ಏರಿತು, ಹೃದಯಾಘಾತ, ಸಾವುಗಳು ವರದಿಯಾದವು. 2004ರಲ್ಲಿ ಸರ್ಕಾರ ಅಂಥ ಮಾತ್ರೆಗಳನ್ನು ನಿಷೇಧಿಸಿತು.

ನಾವೂ ‘ಗಿಡಮೂಲಿಕೆ ತಾನೆ, ಏನೂ ಆಗುವುದಿಲ್ಲ’ ಎನ್ನುತ್ತೇವೆ. ಆದರೆ ಕರ್ಪೂರ ಹೊಟ್ಟೆಗೆ ಹೋದರೆ ಎಳೆಯ ಮಕ್ಕಳಿಗೆ ಫಿಟ್ಸ್ ಬರಬಹುದು. ಸಾಧುವಾದ ಜ್ಯೇಷ್ಠಮಧು ಕೂಡ ಬಹಳ ದಿನ ಸೇವಿಸಿದರೆ ರಕ್ತದೊತ್ತಡ ಏರಿಸುತ್ತದೆ. ಹಕೀಮರಾಗಲಿ, ಚೀನೀ ವೈದ್ಯರಾಗಲಿ ಕಣ್ಣಳತೆಯಲ್ಲಿ ಬೆರೆಸಿದವರಲ್ಲ. ಯಾವುದು, ಎಷ್ಟು, ಯಾರಿಗೆ, ಎಷ್ಟು ದಿನ ಎಂದು ಲೆಕ್ಕ ಹಾಕಿದವರು. ಆದ್ದರಿಂದ ಮುಂದಿನ ಸಲ ಡಾಕ್ಟರರ ಬಳಿ ಹೋದಾಗ ಮಾತ್ರೆಗಳ ಜೊತೆಗೆ ಮನೆಯಲ್ಲಿ ಕುಡಿಯುವ ಕಷಾಯದ ಹೆಸರನ್ನೂ ತಪ್ಪದೆ ಹೇಳಿ.