ಖಾಲಿ ಉಳಿದ ವರ್ಷಗಳು

ಬ್ರಿಟನ್ನಿನ ಸರ್ಕಾರಿ ಪಿಂಚಣಿಯ ಚರಿತ್ರೆ ಮತ್ತು ನಮ್ಮ ಮನೆಗಳ ಅರೆಕಾಲಿಕ ದುಡಿಮೆ

(ಸಂಘದ ಅತಿಥಿ ಉಪನ್ಯಾಸ ಮಾಲೆಯಲ್ಲಿ ಓದಿದ ಪ್ರಬಂಧದ ಪರಿಷ್ಕೃತ ರೂಪ)



ವೈದ್ಯರನ್ನು ಉಪನ್ಯಾಸಕ್ಕೆ ಕರೆದರೆ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೊಣಕಾಲು ನೋವು ಇವುಗಳನ್ನು ಕುರಿತು ಮಾತನಾಡುವರೆಂದು ಸಭಿಕರು ನಿರೀಕ್ಷಿಸುವುದು ಸಹಜ. ನಾವು ಇಂದು ಆರಿಸಿಕೊಂಡಿರುವುದು ಈ ದೇಶದ ಸರ್ಕಾರಿ ಪಿಂಚಣಿಯ ಚರಿತ್ರೆಯನ್ನು. ವೈದ್ಯನಿಗೇಕೆ ಈ ಉಸಾಬರಿ ಎಂದು ಕೇಳಬಹುದು. ಮುಪ್ಪಿನಲ್ಲಿ ಕೈಯಲ್ಲಿ ಕಾಸಿಲ್ಲದವರು ಚಳಿಗಾಲದಲ್ಲಿ ಹೀಟರ್ ಹಚ್ಚಲು ಹಿಂಜರಿಯುತ್ತಾರೆ, ಹಣ್ಣು ತರಕಾರಿಯನ್ನು ಕಡಿಮೆ ಮಾಡುತ್ತಾರೆ. ಆಮೇಲೆ ನಮ್ಮಲ್ಲಿಗೆ ಬರುತ್ತಾರೆ. ಅವರಲ್ಲಿ ಹೆಂಗಸರ ಸಂಖ್ಯೆಯೇ ಹೆಚ್ಚು. ಅದಕ್ಕೆ ಕಾರಣವನ್ನು ಔಷಧಶಾಸ್ತ್ರದ ಪುಸ್ತಕಗಳಿಗಿಂತ ಕಳೆದ ನೂರು ವರ್ಷಗಳ ಕಾನೂನು ಪುಸ್ತಕಗಳಲ್ಲಿ ಹುಡುಕಬೇಕಾಗುತ್ತದೆ.

ಪಿಂಚಣಿ ಎಂಬ ಮಾತು

ಪಿಂಚಣಿ ಎಂಬ ಶಬ್ದ ಇಂಗ್ಲಿಷಿನಿಂದ ಬಂದು ಕನ್ನಡದ ಮನೆಮಾತಾಗಿ ತಲೆಮಾರುಗಳೇ ಕಳೆದಿವೆ. ನಮ್ಮ ಬಾಲ್ಯದ ಊರುಗಳಲ್ಲಿ ಪಿಂಚಣಿಯೆಂದರೆ ಸರ್ಕಾರಿ ನೌಕರಿಯ ಕೊನೆಯ ಗೌರವವಾಗಿತ್ತು. ಶಾಲೆಯ ಮೇಷ್ಟ್ರು, ತಾಲ್ಲೂಕು ಕಚೇರಿಯ ಗುಮಾಸ್ತೆ, ರೈಲ್ವೆ ಗಾರ್ಡು ಮುಂತಾದವರಿಗೆ ಅದು ಬರುತ್ತಿತ್ತು. ಅದರ ನೆರಳಿನಲ್ಲಿ ಅವರ ಮಡದಿಯರ ಬಾಳೂ ಸಾಗುತ್ತಿತ್ತು. ತನ್ನದೇ ಪಿಂಚಣಿ ಎಂಬ ಕಲ್ಪನೆ ಬಹುಪಾಲು ಗೃಹಿಣಿಯರಿಗೆ ಇರಲಿಲ್ಲ. ಇದೇ ಅರ್ಥವನ್ನು ಹೊತ್ತು ನಮ್ಮ ಹಿರಿಯರು ಕಡಲು ದಾಟಿದರು. ಇಲ್ಲಿ ಪದ ಅದೇ ಆದರೂ ವ್ಯವಸ್ಥೆ ಬೇರೆ. ಒಬ್ಬೊಬ್ಬರ ಹೆಸರಿನಲ್ಲಿ ವರ್ಷ ವರ್ಷವೂ ಬರೆದಿಡುವ ವಂತಿಗೆಯ ಲೆಕ್ಕವೇ ಇಲ್ಲಿಯ ಪಿಂಚಣಿಯ ತಳಹದಿ. ಆ ಲೆಕ್ಕದ ಪುಟದಲ್ಲಿ ಬರೆಯದೆ ಉಳಿದ ಸಾಲುಗಳನ್ನೇ ನಾವು ‘ಖಾಲಿ ವರ್ಷಗಳು’ ಎಂದು ಕರೆಯುತ್ತಿದ್ದೇವೆ.

ಐದು ಶಿಲಿಂಗು

ಆದಿಯಲ್ಲಿ ಈ ಲೆಕ್ಕ ಇರಲಿಲ್ಲ. 1908ರಲ್ಲಿ ಆಸ್ಕ್ವಿತ್ ಅವರ ಸರ್ಕಾರ ವೃದ್ಧಾಪ್ಯ ಪಿಂಚಣಿ ಕಾಯಿದೆಯನ್ನು ತಂದಿತು. ಅದನ್ನು ಮುನ್ನಡೆಸಿದವರು ಹಣಕಾಸು ಸಚಿವ ಲಾಯ್ಡ್ ಜಾರ್ಜ್. 1909ರ ಜನವರಿ 1ರಂದು ಮೊದಲ ಪಾವತಿ ಅಂಚೆ ಕಚೇರಿಗಳಲ್ಲಿ ನಡೆಯಿತು. ಎಪ್ಪತ್ತು ತುಂಬಿದ ಬಡವರಿಗೆ ವಾರಕ್ಕೆ ಐದು ಶಿಲಿಂಗು. ಆರಂಭದಲ್ಲಿಯೇ ಸುಮಾರು ಐದು ಲಕ್ಷ ಜನ ಇದನ್ನು ಪಡೆದರು. ನಿಬಂಧನೆಗಳು ಬಿಗಿಯಾಗಿದ್ದವು: ಆದಾಯದ ಮಿತಿಯಿತ್ತು, ನಡತೆಯ ಪರೀಕ್ಷೆಯಿತ್ತು, ಬಡವರ ಪರಿಹಾರ ಪಡೆದಿದ್ದವರನ್ನು ಮೊದಮೊದಲು ಹೊರಗಿಡಲಾಗಿತ್ತು. ಆದರೂ ಒಂದು ಸಂಗತಿ ಗಮನಾರ್ಹ. ಈ ಪಿಂಚಣಿ ಕೇಳುತ್ತಿದ್ದುದು ವಯಸ್ಸನ್ನು ಮತ್ತು ಬಡತನವನ್ನು. ಎಷ್ಟು ವರ್ಷ ಸಂಬಳಕ್ಕೆ ದುಡಿದಿರಿ ಎಂದು ಅದು ಕೇಳಲಿಲ್ಲ. ಆದ್ದರಿಂದ ಪಡೆದವರಲ್ಲಿ ಹೆಂಗಸರೇ ಹೆಚ್ಚಾಗಿದ್ದರು.

ಮೂರೇ ವರ್ಷಗಳಲ್ಲಿ ದಾರಿ ಬದಲಾಯಿತು. 1911ರ ರಾಷ್ಟ್ರೀಯ ವಿಮಾ ಕಾಯಿದೆ ಕಾಯಿಲೆಗೂ ಕೆಲವು ಉದ್ಯಮಗಳ ನಿರುದ್ಯೋಗಕ್ಕೂ ವಿಮೆಯನ್ನು ತಂದಿತು. ಆರೋಗ್ಯ ವಿಮೆಗೆ ವಾರಕ್ಕೆ ಕಾರ್ಮಿಕನಿಂದ ನಾಲ್ಕು ಪೆನ್ಸು, ಮಾಲೀಕನಿಂದ ಮೂರು, ಸರ್ಕಾರದಿಂದ ಎರಡು. ಹಣ ಕಟ್ಟಿದ್ದಕ್ಕೆ ಗುರುತಾಗಿ ಕಾರ್ಡಿನ ಮೇಲೆ ಸ್ಟಾಂಪು ಅಂಟಿಸುತ್ತಿದ್ದರು. ವೈದ್ಯಕೀಯ ಸಂಘ ಇದನ್ನು ಮೊದಲು ಬಲವಾಗಿ ವಿರೋಧಿಸಿತು; ಕೊನೆಗೆ ವೈದ್ಯರು ‘ಪ್ಯಾನೆಲ್’ ಸೇರಿದರು. ಆ ಕಾಲದ ನೆನಪು ನಮ್ಮ ವೃತ್ತಿಯಲ್ಲಿ ಇನ್ನೂ ಉಳಿದಿದೆ. ಜಿ.ಪಿ.ಗಳ ಸರ್ಜರಿಗಳಲ್ಲಿ ರೋಗಿಗಳ ಕಾಗದಗಳನ್ನು ಇಡುತ್ತಿದ್ದ ಸಣ್ಣ ಲಕೋಟೆಗೆ ‘ಲಾಯ್ಡ್ ಜಾರ್ಜ್ ಲಕೋಟೆ’ ಎಂದೇ ಹೆಸರು.

1925ರಲ್ಲಿ ಆರೋಗ್ಯ ಸಚಿವ ನೆವಿಲ್ ಚೇಂಬರ್ಲೇನ್ ತಂದ ಕಾಯಿದೆ ಪಿಂಚಣಿಯನ್ನೂ ಈ ವಂತಿಗೆಯ ಪದ್ಧತಿಗೆ ಜೋಡಿಸಿತು. ವಿಮೆ ಕಟ್ಟಿದವರಿಗೆ ಅರವತ್ತೈದನೆಯ ವಯಸ್ಸಿನಿಂದ ವಾರಕ್ಕೆ ಹತ್ತು ಶಿಲಿಂಗು, ವಿಧವೆಯರಿಗೂ ಪಿಂಚಣಿ. ಹಕ್ಕಿನಿಂದ ಬರುವ ಹಣವೆಂಬ ಹೆಮ್ಮೆ ಇದರಿಂದ ಮೂಡಿತು, ನಿಜ. ಆದರೆ ವಂತಿಗೆ ಹುಟ್ಟಿದ ದಿನವೇ ಖಾಲಿ ವರ್ಷವೂ ಹುಟ್ಟಿತು.

ರಂಗಪುರದಲ್ಲಿ ಹುಟ್ಟಿದವರ ವರದಿ

ಈಗಿನ ವ್ಯವಸ್ಥೆಯ ಶಿಲ್ಪಿ ವಿಲಿಯಂ ಬೆವರಿಜ್ ಹುಟ್ಟಿದ್ದು ಭಾರತದಲ್ಲಿ. 1879ರಲ್ಲಿ, ಅಂದಿನ ಬಂಗಾಳದ, ಇಂದಿನ ಬಾಂಗ್ಲಾದೇಶದ ರಂಗಪುರದಲ್ಲಿ. ತಂದೆ ಐ.ಸಿ.ಎಸ್. ನ್ಯಾಯಾಧೀಶರು, ತಾಯಿ ಆನೆಟ್ ಬೆವರಿಜ್ ಬಾಬರನ ಆತ್ಮಕಥೆಯನ್ನು ಇಂಗ್ಲಿಷಿಗೆ ತಂದ ವಿದುಷಿ. ಯುದ್ಧದ ನಡುವೆ, 1942ರ ಡಿಸೆಂಬರಿನಲ್ಲಿ ಹೊರಬಂದ ಬೆವರಿಜ್ ವರದಿಯ ಪ್ರತಿಗಳು ಲಕ್ಷಗಟ್ಟಲೆ ಮಾರಾಟವಾದವು. ಅದರ ಆಧಾರದ ಮೇಲೆ ರಚಿತವಾದ 1946ರ ರಾಷ್ಟ್ರೀಯ ವಿಮಾ ಕಾಯಿದೆ 1948ರ ಜುಲೈ 5ರಂದು ಪೂರ್ಣವಾಗಿ ಜಾರಿಗೆ ಬಂತು. ನಮಗೆ ಅನ್ನ ಕೊಟ್ಟ ರಾಷ್ಟ್ರೀಯ ಆರೋಗ್ಯ ಸೇವೆಯ ಜನ್ಮದಿನವೂ ಅದೇ. ದೇಶದ ಸಮಸ್ತರ ವಂತಿಗೆಯ ಲೆಕ್ಕ ನ್ಯೂಕಾಸಲ್ ನಗರದ ಕೇಂದ್ರ ಕಚೇರಿಯ ಕೈಬರಹದ ಹಾಳೆಗಳಲ್ಲಿ ಸೇರತೊಡಗಿತು.

ಗೃಹಿಣಿಯ ದುಡಿಮೆಗೆ ಬೆಲೆಯಿದೆಯೆಂದು ಬೆವರಿಜ್ ಒಪ್ಪಿದ್ದರು. ಆದರೆ ಮದುವೆಯಾದ ಹೆಣ್ಣು ಸಾಮಾನ್ಯವಾಗಿ ಸಂಬಳದ ಕೆಲಸದಲ್ಲಿ ಇರುವುದಿಲ್ಲವೆಂದೂ, ಗಂಡನ ವಂತಿಗೆಯೇ ಇಬ್ಬರಿಗೂ ಸಾಕೆಂದೂ ಎಣಿಸಿದರು. 1946ರಲ್ಲಿ ಒಬ್ಬರಿಗೆ ಪಿಂಚಣಿ 26 ಶಿಲಿಂಗು, ದಂಪತಿಗೆ 42. ಅಂದರೆ ಗಂಡನ ಬೆನ್ನಿಗೆ ಹೆಂಡತಿಗೆ ಬರುತ್ತಿದ್ದುದು 16 ಶಿಲಿಂಗು. ಸಂಬಳಕ್ಕೆ ಹೋಗುವ ವಿವಾಹಿತೆಗೆ ಕಾನೂನು ಒಂದು ಆಯ್ಕೆಯನ್ನೂ ಕೊಟ್ಟಿತು: ಬೇಕಾದರೆ ಪೂರ್ತಿ ಸ್ಟಾಂಪು, ಇಲ್ಲವಾದರೆ ಚಿಕ್ಕ ಸ್ಟಾಂಪು. ಚಿಕ್ಕ ಸ್ಟಾಂಪಿನಿಂದ ಕೈಗೆ ಬರುವ ಸಂಬಳ ಸ್ವಲ್ಪ ಹೆಚ್ಚುತ್ತಿತ್ತು. ಪಿಂಚಣಿಯ ಪುಟದಲ್ಲಿ ಮಾತ್ರ ಆ ವರ್ಷ ಬರೆಯಲ್ಪಡುತ್ತಿರಲಿಲ್ಲ. ಪೂರ್ತಿ ಕಟ್ಟಿದವರಿಗೂ ಒಂದು ತೊಡಕಿತ್ತು. ಮದುವೆಯಿಂದ ಅರವತ್ತರವರೆಗಿನ ವರ್ಷಗಳಲ್ಲಿ ಅರ್ಧದಷ್ಟಾದರೂ ಕಟ್ಟಿರದಿದ್ದರೆ ಸ್ವಂತ ಲೆಕ್ಕದಲ್ಲಿ ಏನೂ ಸಿಗುತ್ತಿರಲಿಲ್ಲ. ಈ ಅರ್ಧದ ನಿಯಮ 1970ರ ದಶಕದ ಕೊನೆಯವರೆಗೂ ನಡೆಯಿತು.

ಅರವತ್ತು, ಎಪ್ಪತ್ತರ ದಶಕಗಳಲ್ಲಿ ಇಲ್ಲಿಗೆ ಬಂದ ನಮ್ಮ ಅಕ್ಕ, ಅತ್ತಿಗೆಯರ ತಲೆಮಾರು ಕೆಲಸಕ್ಕೆ ಸೇರಿದ್ದು ಈ ಆಯ್ಕೆಯ ಕಾಲದಲ್ಲಿ. ಶಾಲೆಯ ಅಡುಗೆಮನೆ, ಆಸ್ಪತ್ರೆಯ ಕಡತಕೋಣೆ, ಗ್ರಂಥಾಲಯ, ಹೊಲಿಗೆಯ ಕಾರ್ಖಾನೆ ಇವು ಅವರ ದುಡಿಮೆಯ ತಾಣಗಳು. ಮೊದಲ ದಿನ ಮುಂದಿಟ್ಟ ಕಾಗದಗಳ ಕಟ್ಟಿನಲ್ಲಿ ಈ ಆಯ್ಕೆಯದೂ ಒಂದು. ಮನೆಯ ಕಂತು, ಊರಿಗೆ ಕಳಿಸಬೇಕಾದ ಹಣ, ಮಕ್ಕಳ ಚಳಿಗಾಲದ ಕೋಟು ಇವೆಲ್ಲ ಕಣ್ಣೆದುರಿಗಿದ್ದವು. ಅರವತ್ತನೆಯ ವಯಸ್ಸು ದೂರದಲ್ಲಿತ್ತು. ಅವರ ಆಯ್ಕೆಯನ್ನು ಇಂದು ಯಾರೂ ತಪ್ಪೆನ್ನುವಂತಿಲ್ಲ.

ಕೆಳಮಿತಿಯ ಗೆರೆ

1975ರಲ್ಲಿ ಸ್ಟಾಂಪು ಕಾರ್ಡುಗಳ ಯುಗ ಮುಗಿದು, ವಂತಿಗೆ ಸಂಬಳದ ಪ್ರಮಾಣಕ್ಕೆ ಹೊಂದಿಕೊಂಡಿತು. ಅದೇ ವರ್ಷ ಬಾರ್ಬರಾ ಕಾಸಲ್ ಅವರು ತಂದ ಕಾಯಿದೆಯಂತೆ, ಎಪ್ಪತ್ತರ ದಶಕದ ಕೊನೆಗೆ ಚಿಕ್ಕ ಸ್ಟಾಂಪಿನ ಆಯ್ಕೆ ಹೊಸಬರಿಗೆ ನಿಂತುಹೋಯಿತು; ಮೊದಲೇ ಆರಿಸಿಕೊಂಡವರು ಮುಂದುವರಿಯಬಹುದಾಗಿತ್ತು. 1978ರ ಏಪ್ರಿಲಿನಿಂದ, ಮಕ್ಕಳನ್ನು ಸಾಕುತ್ತಿದ್ದ ತಾಯಂದಿರಿಗೆ ‘ಗೃಹ ಜವಾಬ್ದಾರಿಯ ರಕ್ಷಣೆ’ ದೊರೆಯಿತು: ಚೈಲ್ಡ್ ಬೆನಿಫಿಟ್ ಪಡೆದ ವರ್ಷಗಳನ್ನು ಪೂರ್ಣ ಪಿಂಚಣಿಗೆ ಬೇಕಾದ ವರ್ಷಗಳಿಂದ ಕಳೆಯಲಾಗುತ್ತಿತ್ತು. ಮನೆಗೆಲಸವೂ ಒಂದು ಲೆಕ್ಕವೆಂದು ರಾಜ್ಯ ಒಪ್ಪಿದ್ದು ಆಗ. ಆದರೆ 1978ಕ್ಕಿಂತ ಹಿಂದಿನ ವರ್ಷಗಳಿಗೆ ಇದು ಅನ್ವಯಿಸಲಿಲ್ಲ. ಚಿಕ್ಕ ಸ್ಟಾಂಪಿನಲ್ಲಿ ಉಳಿದವರಿಗೂ ಸಿಗಲಿಲ್ಲ.

ಅರೆಕಾಲಿಕ ದುಡಿಮೆಗೆ ಹೊಸ ತೊಡಕಾಗಿ ಬಂದದ್ದು ಗಳಿಕೆಯ ಕೆಳಮಿತಿ. ವಾರದ ಸಂಬಳ ಈ ಗೆರೆಯನ್ನು ಮುಟ್ಟದಿದ್ದರೆ ವಂತಿಗೆಯೂ ಇಲ್ಲ, ವರ್ಷವೂ ಇಲ್ಲ. ಪ್ರತಿ ಕೆಲಸವನ್ನೂ ಬೇರೆ ಬೇರೆಯಾಗಿ ಅಳೆಯುವುದು ಇದರ ಸೂಕ್ಷ್ಮ. 2025-26ನೆಯ ಸಾಲಿನ ಕೆಳಮಿತಿ ವಾರಕ್ಕೆ 125 ಪೌಂಡು, ವರ್ಷಕ್ಕೆ 6,500. ಒಬ್ಬಾಕೆ ಬೆಳಿಗ್ಗೆ ಒಂದು ನರ್ಸರಿಯಲ್ಲಿ, ಸಂಜೆ ಬೇರೊಬ್ಬರ ಅಂಗಡಿಯಲ್ಲಿ ದುಡಿದು ಎರಡರಿಂದಲೂ ನೂರು ನೂರು ಪೌಂಡು ತಂದರೆ ಒಟ್ಟು ಇನ್ನೂರು. ಆದರೂ ಅವಳ ವರ್ಷ ಖಾಲಿ. ಪಕ್ಕದ ಮನೆಯವಳು ಒಂದೇ ಕಡೆ 130 ಪೌಂಡು ತಂದರೆ ಅವಳ ವರ್ಷ ಭರ್ತಿ. ಅದೂ ಒಂದು ಪೆನ್ನಿ ಕಟ್ಟದೆ. ಏಕೆಂದರೆ 2000ದಿಂದ ಈಚೆಗೆ ಕೆಳಮಿತಿಗೂ ವಂತಿಗೆ ಆರಂಭವಾಗುವ ಮಿತಿಗೂ ನಡುವೆ ಅಂತರವನ್ನು ಬಿಡಲಾಗಿದೆ.

ನಮ್ಮ ವೃತ್ತಿಯ ಮನೆಗಳಲ್ಲಿ ಇದರ ಇನ್ನೊಂದು ರೂಪವಿತ್ತು. ಗಂಡ ಜಿ.ಪಿ.; ಹೆಂಡತಿ ಅದೇ ಸರ್ಜರಿಯಲ್ಲಿ ಫೋನು ಎತ್ತುವವರು, ಕಡತ ಜೋಡಿಸುವವರು, ಸಂಬಳದ ಪುಸ್ತಕ ಬರೆಯುವವರು. ತೆರಿಗೆಯ ಅನುಕೂಲಕ್ಕಾಗಿ ಅವರ ವೇತನವನ್ನು ಗೆರೆಗಿಂತ ಒಂದೆರಡು ಪೌಂಡು ಕೆಳಗೆ ನಿಲ್ಲಿಸುವುದು ಹಲವೆಡೆ ರೂಢಿಯಾಗಿತ್ತು. ಗಂಡನಿಗೆ ಆರೋಗ್ಯ ಸೇವೆಯ ಪಿಂಚಣಿ ಬೆಳೆಯಿತು; ಇಪ್ಪತ್ತು ವರ್ಷ ಜೊತೆಯಲ್ಲೇ ದುಡಿದ ಹೆಂಡತಿಯ ಪುಟ ಬಿಳಿಯಾಗಿ ಉಳಿಯಿತು. ಸಂಸಾರ ನೆಟ್ಟಗಿರುವವರೆಗೆ ಇದು ಕಾಣುವುದಿಲ್ಲ. ವೈಧವ್ಯವೋ ವಿಚ್ಛೇದನವೋ ಬಂದಾಗ ಮೊದಲು ಕಾಣುವುದೇ ಇದು.

ತಿದ್ದುಪಡಿಗಳ ಕಾಲ

2010ರವರೆಗೆ ಪೂರ್ಣ ಪಿಂಚಣಿಗೆ ಗಂಡಸರಿಗೆ 44, ಹೆಂಗಸರಿಗೆ 39 ವರ್ಷಗಳು ಬೇಕಿದ್ದವು. ಕಾಲು ಭಾಗಕ್ಕಿಂತ ಕಡಿಮೆಯಿದ್ದರೆ ಏನೂ ಇಲ್ಲ. 2010ರ ಏಪ್ರಿಲ್ 6ರಿಂದ ಇಬ್ಬರಿಗೂ 30 ವರ್ಷ ಸಾಕಾಯಿತು. 2016ರ ಏಪ್ರಿಲ್ 6ರಿಂದ ಬಂದ ಹೊಸ ಪಿಂಚಣಿಯಲ್ಲಿ ಪೂರ್ಣಕ್ಕೆ 35, ಕನಿಷ್ಠ 10 ವರ್ಷ. ಇದರಡಿಯಲ್ಲಿ ಗಂಡನ ಲೆಕ್ಕದಿಂದ ಹೆಂಡತಿಗೆ ಪಿಂಚಣಿ ಎಂಬ ಹಳೆಯ ಏರ್ಪಾಡು, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಕೊನೆಗೊಂಡಿತು. ಈಗ ಅವರವರ ಪುಟ ಅವರವರಿಗೆ.

ಸರ್ಕಾರದ ಲೆಕ್ಕವೂ ದೋಷರಹಿತವೇನಲ್ಲ. ವಿವಾಹಿತೆಯರಿಗೆ, ವಿಧವೆಯರಿಗೆ, ಎಂಬತ್ತು ದಾಟಿದವರಿಗೆ ವರ್ಷಗಟ್ಟಲೆ ಕಡಿಮೆ ಪಿಂಚಣಿ ಸಂದಾಯವಾಗಿದ್ದು ಗೊತ್ತಾಗಿ, 2021ರ ಜನವರಿಯಲ್ಲಿ ತಿದ್ದುವ ಕಾರ್ಯ ಆರಂಭವಾಯಿತು. 2000ದ ಮೇ ತಿಂಗಳಿಗಿಂತ ಮುಂಚೆ ತಮ್ಮ ವಿಮಾ ಸಂಖ್ಯೆಯನ್ನು ಬರೆಯದೆ ಚೈಲ್ಡ್ ಬೆನಿಫಿಟ್ ಅರ್ಜಿ ಹಾಕಿದ ತಾಯಂದಿರ ರಕ್ಷಣೆಯ ವರ್ಷಗಳು ದಾಖಲೆಯಿಂದ ಬಿಟ್ಟುಹೋಗಿದ್ದುದಕ್ಕೆ 2023ರ ಶರತ್ಕಾಲದಿಂದ ಪತ್ರಗಳು ಹೊರಟವು. ಅಂಥ ಪತ್ರ ಬಂದಿದ್ದರೆ ದಯವಿಟ್ಟು ಕಸದ ಬುಟ್ಟಿಗೆ ಹಾಕಬೇಡಿ.

ಖಾಲಿ ವರ್ಷಗಳನ್ನು ತುಂಬುವುದು

ಹಣ ಕಟ್ಟಿ ಹಳೆಯ ವರ್ಷಗಳನ್ನು ತುಂಬಲು ಸಾಮಾನ್ಯವಾಗಿ ಹಿಂದಿನ ಆರು ವರ್ಷಗಳವರೆಗೆ ಮಾತ್ರ ಅವಕಾಶ. 2006ರಿಂದ 2016ರವರೆಗಿನ ವರ್ಷಗಳಿಗೆ ಕೊಟ್ಟಿದ್ದ ವಿಶೇಷ ಅವಕಾಶ 2025ರ ಏಪ್ರಿಲ್ 5ಕ್ಕೆ ಮುಗಿಯಿತು. 2025-26ರ ದರದಲ್ಲಿ ಮೂರನೆಯ ವರ್ಗದ ವಂತಿಗೆ ವಾರಕ್ಕೆ 17.75 ಪೌಂಡು, ಪೂರ್ತಿ ವರ್ಷಕ್ಕೆ 923. ಅದೇ ಸಾಲಿನ ಪೂರ್ಣ ಪಿಂಚಣಿ ವಾರಕ್ಕೆ 230.25 ಪೌಂಡು, ಅದರ ಮೂವತ್ತೈದನೆಯ ಒಂದು ಭಾಗವೆಂದರೆ ವಾರಕ್ಕೆ ಸುಮಾರು 6.58, ವರ್ಷಕ್ಕೆ ಸುಮಾರು 342. ಕಟ್ಟಿದ ಹಣ ಮೂರು ವರ್ಷದೊಳಗೆ ಮರಳಿ ಬರುತ್ತದೆ. ಆಮೇಲಿನದು ಬಾಳಿನುದ್ದಕ್ಕೂ ಲಾಭ.

ಆದರೆ ಹಣ ಕಟ್ಟುವ ಮೊದಲು ಪುಕ್ಕಟೆಯಾಗಿ ಸಿಗುವುದನ್ನು ಪಡೆಯಬೇಕು. ಹನ್ನೆರಡು ತುಂಬದ ಮಗುವಿಗಾಗಿ ಚೈಲ್ಡ್ ಬೆನಿಫಿಟ್ ಅರ್ಜಿ ಹಾಕಿದ ತಾಯಿಗೆ ವರ್ಷಗಳು ತಾವಾಗಿ ಸೇರುತ್ತವೆ. 2013ರಿಂದ, ಹೆಚ್ಚು ಆದಾಯದವರು ಆ ಹಣವನ್ನು ತೆರಿಗೆಯಾಗಿ ಹಿಂತಿರುಗಿಸಬೇಕಾಗಿರುವುದರಿಂದ ಎಷ್ಟೋ ವೈದ್ಯರ, ಸಾಫ್ಟ್‌ವೇರ್ ಇಂಜಿನಿಯರರ ಮನೆಗಳಲ್ಲಿ ಅರ್ಜಿಯನ್ನೇ ಹಾಕುವುದಿಲ್ಲ. ಹಣ ಬೇಡವೆಂದು ಗುರುತು ಮಾಡಿಯೂ ಅರ್ಜಿ ಹಾಕಬಹುದು, ವರ್ಷ ಉಳಿಯುತ್ತದೆ. ಮೊಮ್ಮಕ್ಕಳನ್ನು ನೋಡಿಕೊಳ್ಳುವ, ಪಿಂಚಣಿ ವಯಸ್ಸು ತಲಪದ, ಇಲ್ಲಿಯೇ ನೆಲೆಸಿರುವ ಅಜ್ಜಿ ತಾತಂದಿರಿಗೂ 2011ರಿಂದ ಇಂಥ ವರ್ಷಗಳು ದೊರೆಯಬಲ್ಲವು. ಕೆಲಸಕ್ಕೆ ಹೋಗುವ ಮಗಳೋ ಸೊಸೆಯೋ ತನ್ನ ವರ್ಷವನ್ನು ಬಿಟ್ಟುಕೊಡಲು ಒಪ್ಪಿದರಾಯಿತು. ಮನೆಯಲ್ಲಿ ಸಂಗೀತ, ಭರತನಾಟ್ಯ ಹೇಳಿಕೊಡುವವರು, ಸಮಾರಂಭಗಳಿಗೆ ಅಡುಗೆ ಮಾಡಿಕೊಡುವವರು ಸ್ವಯಂ ಉದ್ಯೋಗಿಗಳಾಗಿ ನೋಂದಾಯಿಸಿಕೊಂಡಿದ್ದರೆ, ಲಾಭ ಕಡಿಮೆಯಿದ್ದಾಗ ಎರಡನೆಯ ವರ್ಗದ ವಂತಿಗೆಯನ್ನು ಸ್ವಇಚ್ಛೆಯಿಂದ ಕಟ್ಟಬಹುದು. 2025-26ರಲ್ಲಿ ಅದು ವಾರಕ್ಕೆ 3.50 ಪೌಂಡು, ವರ್ಷಕ್ಕೆ 182 ಮಾತ್ರ.

ಎರಡು ಎಚ್ಚರಿಕೆಗಳಿವೆ. ಎಲ್ಲ ಖಾಲಿ ವರ್ಷಗಳನ್ನೂ ತುಂಬಬೇಕಾಗಿಲ್ಲ. ಕೆಲವನ್ನು ತುಂಬಿದರೂ ಪಿಂಚಣಿ ಹೆಚ್ಚುವುದಿಲ್ಲ. ಚಿಕ್ಕ ಸ್ಟಾಂಪಿನ ವರ್ಷಗಳನ್ನಂತೂ ಕೊಳ್ಳಲಾಗದು. ಆರೋಗ್ಯ ಸೇವೆಯ ಪಿಂಚಣಿಯಲ್ಲಿದ್ದವರು 2016ರವರೆಗೆ ಕಡಿಮೆ ದರದ ವಂತಿಗೆ ಕಟ್ಟಿರುವುದರಿಂದ ಅವರ ಲೆಕ್ಕವೇ ಬೇರೆ. ಆದ್ದರಿಂದ ಮೊದಲು ಸರ್ಕಾರದಿಂದ ಪಿಂಚಣಿಯ ಅಂದಾಜನ್ನು ಪಡೆದು, ವಿಚಾರಿಸಿ, ಅನಂತರ ಕಟ್ಟುವುದು ಲೇಸು. ಎರಡನೆಯದಾಗಿ, ನಿವೃತ್ತಿಯ ನಂತರ ಮೈಸೂರಿನಲ್ಲೋ ಧಾರವಾಡದಲ್ಲೋ ನೆಲೆಸಬೇಕೆಂಬ ಆಸೆಯುಳ್ಳವರು ಅರಿಯಬೇಕಾದ ಸಂಗತಿ: ಪಿಂಚಣಿ ಭಾರತಕ್ಕೂ ಬರುತ್ತದೆ, ಆದರೆ ಅಲ್ಲಿರುವವರೆಗೆ ಪ್ರತಿ ವರ್ಷದ ಏರಿಕೆ ಸೇರುವುದಿಲ್ಲ. ಹತ್ತು ವರ್ಷ ಕಳೆದರೂ ಮೊತ್ತ ಅಷ್ಟೇ.

ಹನಿ ಹನಿ ಗೂಡಿದರೆ ಹಳ್ಳ ಎಂಬ ಗಾದೆಯನ್ನು ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ ಕಾಸು ಕೂಡಿಡುತ್ತ ಬಾಳಿ ತೋರಿಸಿದರು. ಅವರ ಹೆಣ್ಣುಮಕ್ಕಳು ಈ ದೇಶದಲ್ಲಿ ಮಾಡಿದ ಅರೆಕಾಲಿಕ ದುಡಿಮೆಯೂ ಅಂಥ ಹನಿಯೇ. ಅದು ಸರ್ಕಾರದ ಪುಟದಲ್ಲಿ ನಿಂತಿದೆಯೋ ಹರಿದುಹೋಗಿದೆಯೋ ಎಂಬುದನ್ನು ನೋಡಿಕೊಳ್ಳುವ ಹೊಣೆ ಮನೆಯ ಎಲ್ಲರದು. ಗಂಡಂದಿರಲ್ಲಿ ನಮ್ಮ ಬಿನ್ನಹವಿಷ್ಟೆ: ಈ ವಾರ ನಿಮ್ಮ ಲೆಕ್ಕವನ್ನು ತೆಗೆದು ನೋಡುವ ಮುನ್ನ ನಿಮ್ಮ ಮನೆಯವರ ಲೆಕ್ಕವನ್ನು ತೆಗೆದು ನೋಡಿ. ಸಹೋದರಿಯರಲ್ಲಿ ಬಿನ್ನಹ: ಅದನ್ನು ಅವರಿಗೆ ಬಿಡದೆ ನೀವೇ ನೋಡಿ.