ಸಲ್ಯೂಟ್ ಹೊಡೆಯದಿದ್ದರೆ ಹುಷಾರು

ಹೈವೇಯಲ್ಲಿ ಗಾಡಿ ಓಡಿಸೋರಿಗೆಲ್ಲ ಗೊತ್ತಿರೋ ಒಂದು ಭಾಷೆ ಇದೆ. ಎದುರಿಂದ ಬರೋ ಲಾರಿಯವನು ಹಾಡಹಗಲಲ್ಲಿ ಎರಡು ಸಲ ಹೆಡ್‌ಲೈಟ್ ಮಿಟುಕಿಸಿದ ಅಂದ್ರೆ ಮುಂದೆ ಪೊಲೀಸರು ನಿಂತಿದ್ದಾರೆ ಅಂತ ಅರ್ಥ. ಬೈಕಿನವರಾದರೆ ತಲೆ ಮೇಲೆ ಕೈ ತಟ್ಟಿ ತೋರಿಸ್ತಾರೆ, ಹೆಲ್ಮೆಟ್ ಹಾಕ್ಕೋ ಅಂತ. ಅವನ್ಯಾರೋ ನಾವ್ಯಾರೋ, ಜಾತಿ, ಭಾಷೆ, ಪಕ್ಷ ಯಾವುದೂ ಅಡ್ಡ ಬರಲ್ಲ. ನಮ್ಮ ದೇಶದಲ್ಲಿ ಇಷ್ಟು ಒಗ್ಗಟ್ಟು ಬೇರೆ ಯಾವ ವಿಷಯದಲ್ಲೂ ನಾನು ಕಂಡಿಲ್ಲ. ಇದು ನಮ್ಮವರದ್ದೇ ಕಿತಾಪತಿ ಅಂದುಕೊಂಡಿದ್ದೆ. ಓದ್ತಾ ಹೋದರೆ, ಇಂಗ್ಲೆಂಡಿನ ಸಾಹುಕಾರರು ನೂರಿಪ್ಪತ್ತು ವರ್ಷದ ಹಿಂದೆ ಇದಕ್ಕಂತಲೇ ಒಂದು ಸಂಘ ಕಟ್ಟಿ, ಸಂಬಳ ಕೊಟ್ಟು ಆಳುಗಳನ್ನ ಇಟ್ಟಿದ್ದರು!

ಕಾರು ಬಂದಾಗಿನಿಂದಲೂ ಪೊಲೀಸರು ಹಿಡೀತಾನೇ ಇದ್ದಾರೆ. 1896ರ ಜನವರಿಯಲ್ಲಿ ಕೆಂಟ್ ಸೀಮೆಯ ಪ್ಯಾಡಕ್ ವುಡ್ ಅನ್ನೋ ಊರಲ್ಲಿ ವಾಲ್ಟರ್ ಆರ್ನಾಲ್ಡ್ ಎಂಬಾತ ಗಂಟೆಗೆ 8 ಮೈಲಿ ವೇಗದಲ್ಲಿ ಹೋಗಿ ಸಿಕ್ಕಿಬಿದ್ದ. ಊರೊಳಗೆ ಮಿತಿ ಇದ್ದದ್ದು 2 ಮೈಲಿ, ಅಂದರೆ ಕಾಲ್ನಡಿಗೆಗಿಂತ ನಿಧಾನ. ಹಿಡಿದ ಕಾನ್‌ಸ್ಟೇಬಲ್ ಬಂದದ್ದು ಸೈಕಲ್ ಮೇಲೆ. ವೇಗಕ್ಕೆ ಬಿದ್ದ ದಂಡ 1 ಶಿಲ್ಲಿಂಗ್. ಅದೇ ವರ್ಷ ಆಗಸ್ಟ್‌ನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಬಳಿ ಬ್ರಿಜೆಟ್ ಡ್ರಿಸ್ಕಾಲ್ ಎಂಬ ಹೆಂಗಸು ಕಾರಿಗೆ ಸಿಕ್ಕಿ ಸತ್ತಳು. ಮೊದಲನೆಯದು ತಮಾಷೆಯ ಕತೆ, ಎಲ್ಲರೂ ಹೇಳ್ತಾರೆ. ಎರಡನೆಯದನ್ನ ಅಷ್ಟಾಗಿ ಯಾರೂ ಹೇಳಲ್ಲ.

1903ರ ಮೋಟಾರ್ ಕಾರ್ ಕಾಯ್ದೆ ನಂಬರ್ ಪ್ಲೇಟ್ ತಂತು, ಲೈಸೆನ್ಸ್ ತಂತು, ವೇಗದ ಮಿತಿಯನ್ನ 20 ಮೈಲಿ ಮಾಡಿತು. ಅಲ್ಲಿಂದ ಶುರುವಾಯ್ತು ನೋಡಿ ನಿಜವಾದ ಆಟ. ಪೊಲೀಸರು ಒಂದು ದೂರ ಅಳೆದು ಗುರುತು ಮಾಡಿಕೊಂಡು, ಎರಡೂ ತುದಿಯಲ್ಲಿ ಬೇಲಿ ಹಿಂದೆ ಸ್ಟಾಪ್‌ವಾಚ್ ಹಿಡಿದು ಕೂರೋರು. ಕಾರು ಈ ತುದಿ ದಾಟಿದಾಗ ಒಬ್ಬ ಸನ್ನೆ ಮಾಡೋನು, ಆ ತುದಿ ದಾಟಿದಾಗ ಲೆಕ್ಕ, ಆಮೇಲೆ ಕೋರ್ಟು. ಆಗ ಕಾರಿದ್ದವರು ಯಾರು? ಜಮೀನ್ದಾರರು, ಡಾಕ್ಟರುಗಳು, ವ್ಯಾಪಾರಸ್ಥರು. ಅಲ್ಲೀವರೆಗೆ ಪೊಲೀಸ್ ಅಂದರೆ ಅವರ ಆಸ್ತಿ ಕಾಯೋನು. ಅದೇ ಕಾನ್‌ಸ್ಟೇಬಲ್ ಬೇಲಿಯಿಂದ ಎದ್ದು ಬಂದು 'ಸಾರ್, ಗಾಡಿ ನಿಲ್ಸಿ' ಅಂದಾಗ ಅವರಿಗೆ ಆದ ಅವಮಾನ ಅಷ್ಟಿಷ್ಟಲ್ಲ. ನಾವೇನು ಕಳ್ಳರಾ? ಕಳ್ಳರನ್ನ ಹಿಡಿಯೋದು ಬಿಟ್ಟು ಇವರಿಗೆ ಇದೇ ಕೆಲಸವಾ? ದುಡ್ಡು ಮಾಡೋಕೆ ಕೂತಿದ್ದಾರೆ! ಈ ಮೂರು ಮಾತನ್ನ ಇವತ್ತು ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ಕೇಳಿ, ಅಕ್ಷರ ಬದಲಾಗಿಲ್ಲ.

1905ರಲ್ಲಿ ಇಂಥವರು ಸೇರಿ ಆಟೊಮೊಬೈಲ್ ಅಸೋಸಿಯೇಷನ್, ಚಿಕ್ಕದಾಗಿ ಎಎ, ಕಟ್ಟಿದರು. ಲಂಡನ್–ಬ್ರೈಟನ್ ರಸ್ತೆಯಲ್ಲಿ ಸೈಕಲ್ ಹುಡುಗರನ್ನ ಬಿಟ್ಟು, ಪೊಲೀಸರು ಎಲ್ಲಿ ಅಡಗಿದ್ದಾರೆ ಅಂತ ಕಾರಿನವರಿಗೆ ಹೇಳಿಸೋದು ಇದರ ಮೊದಲ ಕೆಲಸ. ಪೊಲೀಸರು ಸುಮ್ಮನಿರ್ತಾರಾ? ಕೇಸು ಹಾಕಿದರು. 1907ರ ಬಾಸ್ಟೇಬಲ್ ಪ್ರಕರಣದಲ್ಲಿ ಎಚ್ಚರಿಕೆ ಕೊಟ್ಟವನು ಗೆದ್ದ. ಆ ಕಾರುಗಳು ಮಿತಿ ಮೀರಿ ಬರ್ತಿದ್ದವು ಅನ್ನೋದಕ್ಕೇ ಪುರಾವೆ ಇರಲಿಲ್ಲ; ಕಾನೂನು ಪಾಲಿಸು ಅಂತ ಹೇಳೋದು ಅಪರಾಧ ಹೇಗಾಗುತ್ತೆ? ಆದರೆ ಬೆಟ್ಸ್ ಎಂಬ ಎಎ ಆಳಿನ ಕೇಸಿನಲ್ಲಿ ಕಾರುಗಳು ಆಗಲೇ ಮಿತಿ ಮೀರಿದ್ದವು ಅಂತ ಸಾಬೀತಾಗಿತ್ತು. ತಪ್ಪು ನಡೀತಿರುವಾಗ ಸಾಕ್ಷಿ ಸಿಗದ ಹಾಗೆ ಮಾಡಿದ್ದು ಪೊಲೀಸರ ಕರ್ತವ್ಯಕ್ಕೆ ಅಡ್ಡಿ ಅಂತ ತೀರ್ಪು ಬಂತು. ಎರಡೂ ತೀರ್ಪು ಒಂದೇ ಇಫ್-ಎಲ್ಸ್‌ನ ಎರಡು ಕವಲು. ಕೋಡ್ ಬರೆಯೋ ನನ್ನಂಥವನಿಗೆ ಇದು ಬಹಳ ಹಿಡಿಸಿತು.

ಎಎ ಅದಕ್ಕೂ ದಾರಿ ಹುಡುಕಿತು. ಸಂಘದ ಆಳು ಸದಸ್ಯರ ಕಾರು ಕಂಡಾಗೆಲ್ಲ ಸಲ್ಯೂಟ್ ಹೊಡೀಬೇಕು. ಹೊಡೀಲಿಲ್ಲ ಅಂದ್ರೆ ಸದಸ್ಯರು ಗಾಡಿ ನಿಲ್ಲಿಸಿ ಯಾಕಪ್ಪಾ ಅಂತ ವಿಚಾರಿಸಬೇಕು! ಸಲ್ಯೂಟ್ ಹೊಡೆಯದೇ ಇದ್ದದ್ದಕ್ಕೆ ಯಾವ ಕೋರ್ಟೂ ಶಿಕ್ಷೆ ಕೊಡೋಕಾಗಲ್ಲವಲ್ಲ. ಈ ಪದ್ಧತಿ 1960ರ ದಶಕದ ಆರಂಭದವರೆಗೂ ನಡೀತು. ನಮ್ಮ ಲಾರಿಯವರು ಬಲ್ಬು ಸುಡ್ತಾರೆ, ಅವರು ಕೈ ಎತ್ತದೇ ಕೆಲಸ ಮುಗಿಸೋರು.

ಒಂದು ಮಾತು ಒಪ್ಪಲೇಬೇಕು. ಕಾರಿನವರ ಗೊಣಗಾಟದಲ್ಲಿ ಸತ್ಯವೂ ಇತ್ತು. ಖಾಲಿ ನೇರ ರಸ್ತೆಯಲ್ಲಿ ಅಡಗಿ ಕೂತರೆ ದಂಡ ಜಾಸ್ತಿ ಬೀಳುತ್ತೆ, ಆದರೆ ಅಪಘಾತ ಆಗೋದು ಊರೊಳಗಿನ ತಿರುವಿನಲ್ಲಿ. 20 ಮೈಲಿ ಮಿತಿಯನ್ನ ಎಲ್ಲರೂ ಮುರೀತಿದ್ದರು. ಯಾರೂ ಪಾಲಿಸದ ಕಾನೂನಿಂದ ಕಾನೂನಿಗೇ ಮರ್ಯಾದೆ ಇಲ್ಲದಾಗುತ್ತೆ ಅಂತ ವಾದಿಸಿ, 1930ರಲ್ಲಿ ಕಾರುಗಳಿಗೆ ವೇಗದ ಮಿತಿಯನ್ನೇ ತೆಗೆದುಹಾಕಿದರು. ಆಗ ಬ್ರಿಟನ್ನಿನಲ್ಲಿ ವರ್ಷಕ್ಕೆ 7,000ಕ್ಕೂ ಹೆಚ್ಚು ಜನ ರಸ್ತೆಯಲ್ಲಿ ಸಾಯ್ತಿದ್ದರು. ಇವತ್ತು ಅಲ್ಲಿ 4 ಕೋಟಿ ವಾಹನಗಳಿದ್ದೂ ಆ ಸಂಖ್ಯೆ 1,600ರ ಆಸುಪಾಸು.

ಮಿತಿ ವಾಪಸ್ ತರಬೇಕು ಅಂತ 1934ರಲ್ಲಿ ಮಸೂದೆ ಬಂದಾಗ ಮೂರ್-ಬ್ರಬಜಾನ್ ಎಂಬ ಸಂಸದ ಎದ್ದು ನಿಂತ. ಬ್ರಿಟನ್ನಿನ ಒಂದನೇ ನಂಬರಿನ ಪೈಲಟ್ ಲೈಸೆನ್ಸ್ ಇವನದೇ. ಇವನ ವಾದ ಕೇಳಿ: ಮೊದಮೊದಲು ಕಾರಿಗೆ ಎಷ್ಟೊಂದು ಕೋಳಿ ಸಿಗ್ತಿದ್ದವು, ಮನೆಗೆ ಬಂದರೆ ರೇಡಿಯೇಟರ್ ತುಂಬ ಪುಕ್ಕ, ನಾಯಿಗಳೂ ಹಾಗೇ, ಈಗ ನಾಯಿಗಳು ಕಲಿತುಕೊಂಡಿವೆ, ಜನಾನೂ ಕಲೀತಾರೆ, ಎಲ್ಲ ತಾನಾಗಿ ಸರಿಹೋಗುತ್ತೆ.

ಇದನ್ನ ಓದಿದ ದಿನ ನನಗೆ ಊಟ ಸೇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಶಿರಾ ಕಡೆಯ ಹೈವೇ ಪಕ್ಕದ ಹಳ್ಳಿಯಲ್ಲಿ. ಊರು ಈ ಕಡೆ, ಹೊಲ ಆ ಕಡೆ. ನಮ್ಮಜ್ಜಿಯ ಕೋಳಿಗಳು ರಸ್ತೆ ದಾಟೋದನ್ನ ಕಲೀಲೇ ಇಲ್ಲ. ರಸ್ತೆ ಅಗಲ ಆದಮೇಲೆ, ಅರವತ್ತು ವರ್ಷ ಅದೇ ಜಾಗದಲ್ಲಿ ದಾಟಿದ್ದ ಪಕ್ಕದ ಮನೆ ತಾತನೂ ಕಲೀಲಿಲ್ಲ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತದಿಂದ ಸತ್ತವರು 1,68,491. ಐದರಲ್ಲಿ ಹೆಚ್ಚುಕಮ್ಮಿ ಒಬ್ಬರು ನಡ್ಕೊಂಡು ಹೋಗ್ತಿದ್ದವರು. ಎಎ ಕಟ್ಟಿದ ಸಾಹುಕಾರರ ಮಾತಿನಲ್ಲಾಗಲಿ, ನಮ್ಮ ಆಫೀಸಿನ ಕಾಫಿ ಮಷೀನ್ ಹತ್ತಿರದ ಮಾತಿನಲ್ಲಾಗಲಿ ಇರೋದು ಇಬ್ಬರೇ, ಗಾಡಿಯವನು ಮತ್ತು ಪೊಲೀಸ್. ಮೂರನೆಯವನ ಸುದ್ದಿಯೇ ಇಲ್ಲ.

ಸಂಸತ್ತು ಅವನ ಮಾತು ಕೇಳಲಿಲ್ಲ ಅನ್ನಿ. 1935ರಲ್ಲಿ ಊರೊಳಗೆ 30 ಮೈಲಿ ಮಿತಿ ಬಂತು. 1967ರಲ್ಲಿ ಸಚಿವೆ ಬಾರ್ಬರಾ ಕ್ಯಾಸಲ್ ಕುಡಿದು ಓಡಿಸೋರನ್ನ ಹಿಡಿಯಲು ಊದೋ ಯಂತ್ರ ತಂದಾಗಲೂ ಗಲಾಟೆಯೋ ಗಲಾಟೆ. ಆಕೆಗೆ ಡ್ರೈವಿಂಗೇ ಬರಲ್ಲ, ಅದೂ ಹೆಂಗಸು, ಇವಳಿಗೇನು ಗೊತ್ತು ಅಂದರು. ಸಿಕ್ಕಸಿಕ್ಕವರನ್ನ ನಿಲ್ಲಿಸಿ ಊದಿಸಬಹುದು ಅನ್ನೋ ಮೊದಲಿನ ಪ್ರಸ್ತಾಪವನ್ನ ವಿರೋಧಕ್ಕೆ ಮಣಿದು ಕೈಬಿಡಬೇಕಾಯ್ತು. ಉಳಿದ ಕಾನೂನು ನಿಂತಿತು, ಸಾವುಗಳು ಇಳಿದವು.

ನಮ್ಮಲ್ಲಿ 1914, 1939, ಆಮೇಲೆ 1988ರ ಮೋಟಾರು ವಾಹನ ಕಾಯ್ದೆ. 2019ರ ಸೆಪ್ಟೆಂಬರಿನಲ್ಲಿ ದಂಡ ಹತ್ತು ಪಟ್ಟು ಏರಿದಾಗ ಎದ್ದ ಕೂಗಿಗೆ ಕರ್ನಾಟಕ ಸರ್ಕಾರ ಅದೇ ತಿಂಗಳು ಹೆಲ್ಮೆಟ್ ದಂಡವನ್ನ 1,000ದಿಂದ 500ಕ್ಕೆ ಇಳಿಸಿತು. 2023ರ ಫೆಬ್ರವರಿಯಲ್ಲಿ ಬಾಕಿ ದಂಡಕ್ಕೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನ ಜನ ಸೀರೆ ಅಂಗಡಿ ಮುಂದೆ ನಿಂತ ಹಾಗೆ ಕ್ಯೂ ನಿಂತರು. ನೂರು ಕೋಟಿಗೂ ಮೇಲೆ ಹಣ ಬಂತು. ಇದನ್ನ ನೋಡಿದ ಮೇಲೆ 'ದುಡ್ಡಿಗಾಗಿ ಹಿಡೀತಾರೆ' ಅನ್ನೋನಿಗೆ ಏನಂತ ಉತ್ತರ ಕೊಡೋದು?

ಇದಕ್ಕಿಂತ ಗಂಭೀರವಾದದ್ದು ಮಂಡ್ಯದಲ್ಲಿ ಆಯ್ತು. 2025ರ ಮೇ ತಿಂಗಳಲ್ಲಿ ತಪಾಸಣೆಗೆ ಬೈಕ್ ತಡೆದಾಗ ಕೆಳಗೆ ಬಿದ್ದು ಒಂದು ಪುಟ್ಟ ಮಗು ತೀರಿಕೊಂಡಿತು. ಅಪ್ಪ ಅಮ್ಮ ಮಗುವನ್ನ ಆಸ್ಪತ್ರೆಗೆ ಕರ್ಕೊಂಡು ಹೋಗ್ತಿದ್ದರು. ಜನ ರಸ್ತೆಗಿಳಿದರು, ಪೊಲೀಸರು ಅಮಾನತಾದರು. ಕಣ್ಣಿಗೆ ಕಾಣೋ ತಪ್ಪಿಲ್ಲದೆ ನಿಲ್ಲಿಸಬೇಡಿ, ಗಾಡಿಗೆ ದಿಢೀರಂತ ಅಡ್ಡ ಬರಬೇಡಿ, ಕೀ ಕಿತ್ಕೋಬೇಡಿ ಅಂತ ರಾಜ್ಯ ಪೊಲೀಸ್ ಮುಖ್ಯಸ್ಥರು ಸೂಚನೆ ಹೊರಡಿಸಿದರು. ಬೇಲಿ ಹಿಂದೆ ಕೂತು ಹಾರಿ ಬೀಳೋ ಪದ್ಧತಿ ಬಗ್ಗೆ ಬ್ರೈಟನ್ ರಸ್ತೆಯವರು ಎತ್ತಿದ್ದ ತಕರಾರಿಗೆ ನಮ್ಮಲ್ಲಿ ಕಾಗದದ ಮೇಲೆ ಉತ್ತರ ಸಿಗಲು ಒಂದು ಮಗು ಹೋಗಬೇಕಾಯ್ತು.

ನಮ್ಮೂರಿನವರು ಇದೇ ವರ್ಷ ಒಂದು ಅರ್ಜಿ ಕೊಟ್ಟಿದ್ದಾರೆ. ಬರೆದುಕೊಟ್ಟವನು ನಾನೇ, ಊರಲ್ಲಿ ಬಿಇ ಓದಿದವನು ಅಂತ. ಪೊಲೀಸರನ್ನ ತೆಗೀರಿ ಅಂತಲ್ಲ, ಹಾಕಿ ಅಂತ. ಸ್ಕೂಲ್ ಕ್ರಾಸಿನಲ್ಲಿ, ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆ, ಸಂಜೆ ನಾಲ್ಕರಿಂದ ಐದು. ಕೊನೇ ಸಾಲನ್ನ ಹಾಲಿನ ಡೇರಿಯ ಸೆಕ್ರೆಟರಿ ಹೇಳಿ ಬರೆಸಿದರು: ಹುಣಸೇಮರದ ಹಿಂದೆ ಬೇಡ, ದೂರದಿಂದಲೇ ಕಾಣೋ ಹಾಗೆ ನಿಲ್ಲಿಸಿ.